ಪಾಪುವಿನ ಗುಡ್ಡೆ ಮತ್ತು ಆರಡಿ ರೋಟವೇಟರ್

ಪೂಜೆಯ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಮೈದುನ ತೋಟದಿಂದ ಓಡಿ ಬಂದ. "ಅತ್ತಿಗೆ, ಪಾಪುನ ಗುಡ್ಡೆ ಮ್ಯಾಲೆ ರೋಟವೇಟರ್ ಹೋಗ್ಬುಡ್ತು. ಅಣ್ಣ ಅಲ್ಲೇ ಕುಂತ್ಬುಟ್ಟವ್ರೆ."

ಆರು ತಿಂಗಳಿಗೇ ತೀರಿಕೊಂಡ ನನ್ನ ಮಗಳನ್ನು ನಮ್ಮವರ ವಾಡಿಕೆಯಂತೆ ತೆಂಗಿನ ಸಾಲಿನ ನಡುವೆ ಮಣ್ಣು ಮಾಡಿದ್ದೆವು. ಗುರುತಿಗೆ ಇದ್ದದ್ದು ಒಂದು ಮಣ್ಣುಗುಡ್ಡೆ, ಮೂರು ಕಲ್ಲು.

ನಮ್ಮದು ಚಿಕ್ಕ ಟ್ರ್ಯಾಕ್ಟರ್. ಅದರ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರ್ ನಾಲ್ಕಡಿ ಅಗಲದ್ದೇ ಸರಿ ಎಂದು ಮೆಕ್ಯಾನಿಕ್ ಹೇಳಿದ್ದ. ಉಳುಮೆ ಬೇಗ ಮುಗಿಯಲೆಂದು ನಮ್ಮನೆಯವರು ಪಕ್ಕದ ತೋಟದವರ ಆರಡಿಯದನ್ನು ಕಟ್ಟಿದ್ದರು. ಚಕ್ರವನ್ನೇನೋ ಗುಡ್ಡೆಯಿಂದ ದೂರವೇ ಬಿಟ್ಟಿದ್ದರು. ಚಕ್ರದಾಚೆಗೆ ಚಾಚಿದ್ದ ಅಲಗುಗಳನ್ನು ಮರೆತಿದ್ದರು.

ನಾನು ಹೋದಾಗ ಅವರು ಕಲ್ಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಆಳಕ್ಕೋಗೈತಾ ನೋಡು ಕಣೇ, ನಂಗಾಗಲ್ಲ" ಅಂದರು. ಕೈಯಿಂದ ಮಣ್ಣು ಸರಿಸಿದೆ. ಎಳೆಯಲಾರದೆ ಇಂಜಿನ್ ಏದುತ್ತಿದ್ದುದರಿಂದ ಅವರು ಅಲಗುಗಳನ್ನು ಸ್ವಲ್ಪ ಮೇಲೆತ್ತಿಕೊಂಡೇ ಓಡಿಸಿದ್ದರಂತೆ. ಗುಡ್ಡೆ ಹರಡಿಹೋಗಿತ್ತು, ಅದರಡಿ ನಾಲ್ಕು ಬೆರಳಿನಷ್ಟು ಮಾತ್ರ ಕೆದಕಿತ್ತು. ಕೆಳಗಿನ ಮಣ್ಣು ಗಟ್ಟಿಯಾಗಿಯೇ ಇತ್ತು. ಶಿವ ಅಷ್ಟಾದರೂ ಕಾಪಾಡಿದ.

"ಮನಗವ್ಳೆ ಬುಡಿ, ಎದ್ದಿಲ್ಲ" ಅಂದೆ. ಅವರು ಆಗ ಅತ್ತರು. ಇಬ್ಬರೂ ಸೇರಿ ಮತ್ತೆ ಗುಡ್ಡೆ ಕಟ್ಟಿದೆವು.

ಮನೆಗೆ ಬಂದು ಕೈ ತೊಳೆದು ಮುದ್ದೆಗೆ ಎಸರಿಟ್ಟೆ.