ಅಣ್ಣನ ಪರದೆಯಲ್ಲಿ ಇಲ್ಲದ ಚಿತ್ರ

ಅಣ್ಣನಿಗೆ ಲಕ್ವ ಹೊಡೆದು ಮಾತು ನಿಂತ ಮೇಲೆ ಅವನಿಗೊಂದು ಕೀಬೋರ್ಡ್ ಮಾಡಿಕೊಟ್ಟವಳು ನಾನು. ಅದರಲ್ಲಿ ಅಕ್ಷರಗಳಿರಲಿಲ್ಲ, ಚಿತ್ರಗಳಿದ್ದವು. ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಕೀಯನ್ನೂ ಎರಡು ಬೆರಳಗಲ ಮಾಡಿ, ಒಂದೊಂದಕ್ಕೂ ಒಂದು ಚಿತ್ರ ಕೂರಿಸಿ, ಮುಟ್ಟಿದರೆ ಒಂದು ಮಾತು ಕೇಳಿಸುವ ಹಾಗೆ ಜೋಡಿಸಿದ್ದೆ. ಯಾವ ಚಿತ್ರ ಇರಬೇಕು ಎಂಬುದರ ಬಗ್ಗೆ ಮನೆಯಲ್ಲಿ ದಿನಗಟ್ಟಲೆ ವಾದ ನಡೆಯಿತು. ಯಾವುದು ಇರಕೂಡದು ಎಂಬುದರ ಬಗ್ಗೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಮಗ್ಗದ ಚಿತ್ರ ಇರಕೂಡದು.

ಏಕೆಂದರೆ ಮಗ್ಗಗಳೇ ಇರಲಿಲ್ಲ. ಅಣ್ಣ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಮ್ಮ, ಅತ್ತಿಗೆ, ನಾನು ಮೂವರೂ ಒಪ್ಪಿ ಅವನ್ನು ಮಾರಿದ್ದೆವು. ಆಸ್ಪತ್ರೆಯ ಖರ್ಚಿಗೆ ಬೇರೆ ದಾರಿ ಇರಲಿಲ್ಲ. ಮಾರಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಕೊಳ್ಳಲು ಬಂದವರು ನೇಕಾರರಲ್ಲ, ಗುಜರಿಯವರು. ದೊಡ್ಡಬಳ್ಳಾಪುರದಲ್ಲಿ ಹಳೇ ಮಗ್ಗಕ್ಕೆ ಈಗ ಅವರೇ ಗಿರಾಕಿ. ಬೋಲ್ಟು ಬಿಚ್ಚಿ, ಸೀರೆಗೆ ಡಿಸೈನು ಎತ್ತಲು ಮೇಲೆ ಕೂರಿಸಿದ್ದ ಜಕಾರ್ಡ್ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಇಳಿಸಿ, ಸಾಯಂಕಾಲದೊಳಗೆ ಮಗ್ಗದ ಮನೆಯನ್ನು ಬರಿದು ಮಾಡಿ ಹೋದರು. ಅತ್ತಿಗೆ ನೆಲ ಗುಡಿಸಿ ಬಾಗಿಲಿಗೆ ಬೀಗ ಹಾಕಿದರು.

"ಮನಸ್ಸಿಗೆ ಪೆಟ್ಟು ಬೀಳೋ ಸುದ್ದಿ ಸದ್ಯಕ್ಕೆ ಹೇಳ್ಬೇಡಿ" ಎಂದಿದ್ದರು ಡಾಕ್ಟರು. ಮಾತು ಯಾವಾಗ ಬರುತ್ತದೆ ಎಂದು ಕೇಳಿದರೆ, "ಬರಬಹುದು, ಬರದೇನೂ ಇರಬಹುದು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಒಂದನ್ನು ಮಾತ್ರ ಖಚಿತವಾಗಿ ಹೇಳಿದರು. ಎಲ್ಲವೂ ಅವನಿಗೆ ಅರ್ಥವಾಗುತ್ತದೆ, ಹೇಳುವುದಕ್ಕೆ ಮತ್ತು ಬರೆಯುವುದಕ್ಕೆ ಆಗುವುದಿಲ್ಲ. ಬಲಗೈ ಸತ್ತೇ ಹೋಗಿತ್ತು. ಎಡಗೈ ಚೆನ್ನಾಗಿತ್ತು.

ಅಣ್ಣ ಮನೆಗೆ ಬರುವ ಹಿಂದಿನ ದಿನ ನಾವು ಒಂದು ಉಪಾಯ ಮಾಡಿದೆವು. ಅವನ ಮಂಚ ಯಾವಾಗಲೂ ನಮ್ಮ ಮಗ್ಗದ ಮನೆಯ ಗೋಡೆಗೆ ಒತ್ತಿಕೊಂಡಿರುತ್ತಿತ್ತು. ಅದನ್ನು ಎಳೆದು ಪಕ್ಕದ ಮನೆಯವರ ಗೋಡೆಗೆ ಹಾಕಿದೆವು. ಆ ಗೋಡೆಯ ಆಚೆ ಅವರ ಮಗ್ಗಗಳು ಓಡುತ್ತವೆ. ನಮ್ಮ ಬೀದಿಯಲ್ಲಿ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಟಕಟಕ ಎನ್ನುವ ಸದ್ದು ಇದ್ದೇ ಇರುತ್ತದೆ. ಆ ಸದ್ದಿನಲ್ಲೇ ಹುಟ್ಟಿ ಬೆಳೆದವರಿಗೆ ಅದು ಕಿವಿಗೆ ಬೀಳುವುದೇ ಇಲ್ಲ, ನಿಂತರೆ ಮಾತ್ರ ಕೇಳಿಸುತ್ತದೆ. ಮಂಚ ಅದುರುತ್ತಿದ್ದರೆ ಸಾಕು, ತನ್ನ ಮಗ್ಗಗಳೇ ಓಡುತ್ತಿವೆ ಎಂದುಕೊಂಡು ಸಮಾಧಾನವಾಗಿರುತ್ತಾನೆ ಎಂದು ಅಮ್ಮ ಹೇಳಿದಳು. ನಾವೂ ಹೂಂಗುಟ್ಟಿದೆವು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಆ ಬುದ್ಧಿ.

ನೆಲಮಂಗಲದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ತಿಥಿ ಕಾರ್ಡು, ಫ್ಲೆಕ್ಸು, ಎಲ್ಲವನ್ನೂ ಒಂದೇ ಕುರ್ಚಿಯಲ್ಲಿ ಕೂತು ಮಾಡುತ್ತೇನೆ. ಅಂಗಡಿಗೆಂದು ಕೊಂಡಿದ್ದ, ಬೆರಳು ತಾಗಿಸಿದರೆ ಕೆಲಸ ಮಾಡುವ ಪರದೆಯ ಹಳೇ ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಂದು ಭಾನುವಾರ ಅಣ್ಣನ ಮನೆಗೆ ತಂದೆ. ನಮಗೆ ಬೇಕಾದ ಹಾಗೆ ಕೀಬೋರ್ಡ್ ಜೋಡಿಸಿಕೊಳ್ಳುವ ಪ್ರೋಗ್ರಾಮ್ ಒಂದು ಪುಕ್ಕಟೆ ಸಿಕ್ಕಿತ್ತು. ಅದರ ಜೊತೆಗೆ ಬಂದ ಚಿತ್ರಗಳನ್ನು ನೋಡಬೇಕಿತ್ತು. ನೀರಿಗೆ ನಿಂಬೆಹೋಳು ಸಿಕ್ಕಿಸಿದ ಗಾಜಿನ ಲೋಟ. ಊಟಕ್ಕೆ ಚಾಕು ಮತ್ತು ಮುಳ್ಳುಚಮಚ. ಅಣ್ಣ ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಇದೇನಮ್ಮಾ, ಆಪರೇಷನ್ ಸಾಮಾನಿದ್ದಂಗಿದೆ" ಎಂದರು ಅತ್ತಿಗೆ.

ಮನೆಯ ಸಾಮಾನುಗಳ ಫೋಟೋ ತೆಗೆದು ಹಾಕಿ ನೋಡಿದೆ. ಅಷ್ಟು ಚಿಕ್ಕ ಚೌಕಕ್ಕೆ ಇಳಿಸಿದಾಗ ಅವನ ಸೊಟ್ಟ ಲೋಟವೂ ರಾಗಿ ಮುದ್ದೆಯೂ ಒಂದೇ ತರಹದ ಕಲೆಯಾಗಿ ಕಂಡವು. ಕೊನೆಗೆ ಚೌಕ ಚೌಕ ತುಂಬಿ ನಾನೇ ಬಿಡಿಸಲು ಕೂತೆ. ಆ ವಿದ್ಯೆ ನನಗೆ ಅಣ್ಣನೇ ಕಲಿಸಿದ್ದು. ಅವನು ಬರೀ ನೇಯುತ್ತಿರಲಿಲ್ಲ, ಸೀರೆಯ ಅಂಚು ಸೆರಗಿನ ಡಿಸೈನನ್ನೂ ತಾನೇ ಗ್ರಾಫ್ ಹಾಳೆಯ ಮೇಲೆ ಬರೆಯುತ್ತಿದ್ದ. ಜಕಾರ್ಡಿಗೆ ಹಾಕುವ ರಟ್ಟುಗಳನ್ನು ಆ ಹಾಳೆ ನೋಡಿಯೇ ತೂತು ಹೊಡೆಯಬೇಕು. ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ಅವನ ಪಕ್ಕದಲ್ಲಿ ಕೂತು ಮಾವಿನಕಾಯಿ, ನವಿಲುಗಳಿಗೆ ಬಣ್ಣ ತುಂಬುತ್ತಿದ್ದೆ. "ದೂರ ಹೋಗಿ ನಿಂತ್ಕೊಂಡು ನೋಡೇ. ಕಂಡ್ರೆ ಸರಿ, ಕಾಣ್ದಿದ್ರೆ ಒಂದು ಚೌಕ ತೆಗಿ" ಎನ್ನುತ್ತಿದ್ದ. ಹಾಗೆಯೇ ಮಾಡಿದೆ. ಲೋಟ, ಮುದ್ದೆ, ಕಾಫಿ, ಫ್ಯಾನು, ಹೊದಿಕೆ, ಬಚ್ಚಲು, ಬೆನ್ನು ನೋವು. ಅಮ್ಮನ ಹಟಕ್ಕೆ ಶಿವಗಂಗೆ ಬೆಟ್ಟವನ್ನೂ ಬಿಡಿಸಿ 'ದೇವರೇ' ಎಂಬ ಕೀ ಮಾಡಿದೆ. ಅದನ್ನು ಅಣ್ಣ ಒಂದು ಸಲವೂ ಮುಟ್ಟಲಿಲ್ಲ.

ಕಂಪ್ಯೂಟರಿನ ಕನ್ನಡ ದನಿ ರೈಲು ನಿಲ್ದಾಣದಲ್ಲಿ ಕೂಗುವ ಹಾಗಿತ್ತು. ಅದನ್ನು ತೆಗೆದುಹಾಕಿ, ಎಲ್ಲ ಮಾತನ್ನೂ ನನ್ನ ದನಿಯಲ್ಲೇ ತುಂಬಿದೆ. ಅಣ್ಣ ಲೋಟದ ಮೇಲೆ ಬೆರಳಿಟ್ಟಾಗ "ನೀರು ಬೇಕು" ಎಂದು ನಾನು ಮಾತಾಡಿದ್ದು ಕೇಳಿ ಅಮ್ಮ ಅತ್ತಳು. ಅಕ್ಕಪಕ್ಕದವರು ಬಂದು ನೋಡಿದರು. ಅವತ್ತು ನನಗೆ ಸಿಕ್ಕಿದ ಹೊಗಳಿಕೆ ಹಿಂದೆಂದೂ ಸಿಕ್ಕಿರಲಿಲ್ಲ, ನಾನೂ ಉಬ್ಬಿಹೋದೆ.

ಕೆಲವು ವಾರ ಕಳೆದ ಮೇಲೆ ಅತ್ತಿಗೆ ಅಂಗಡಿಗೆ ಫೋನ್ ಮಾಡಿದರು. "ಕೊನೇಲೊಂದು ಖಾಲಿ ಚೌಕ ಬಿಟ್ಟಿದೀಯಲ್ಲಮ್ಮ, ಯಾವಾಗ್ಲೂ ಅದನ್ನೇ ಒತ್ತಾರೆ. ಸದ್ದೇ ಬರಲ್ಲ, ಆದ್ರೂ ಒತ್ತಾರೆ. ಏನಾದ್ರೂ ಹಾಕ್ಕೊಡು."

ಮುಂದಿನ ಭಾನುವಾರ ಹೋಗಿ ಏನೇನೋ ಹಾಕಿದೆ. ಅಮ್ಮ ಹಾರ್ಲಿಕ್ಸ್ ಅಂದಳು, ಹಾಕಿದೆ. ಅತ್ತಿಗೆ ಟಿವಿ ಅಂದರು, ಹಾಕಿದೆ. ಗಡ್ಡ ಕೆರೆಯುವುದು, ಕಿಟಕಿ ತೆರೆಯುವುದು ಎಲ್ಲವೂ ಆಯಿತು. ಪ್ರತಿಸಲವೂ ಅಣ್ಣ ಎಡಗೈಯನ್ನು ಅಡ್ಡಡ್ಡ ಬೀಸಿದ. ಬೇಡ, ಅದಲ್ಲ. ಅವನಿಗೆ ಸಿಟ್ಟು ಬರುತ್ತಿತ್ತು, ನನಗೂ ಬಂತು. "ನೀನೇ ಬರ್ಕೋ ಹಂಗಾದ್ರೆ" ಎಂದು ರೇಗಿ, ಚಿತ್ರ ಬಿಡಿಸುವ ಚೌಕಗಳ ಹಾಳೆಯನ್ನೇ ಪರದೆಯ ಮೇಲೆ ತೆರೆದು ಅವನ ಮುಂದಿಟ್ಟೆ. ಬೆರಳಿಟ್ಟರೆ ಚೌಕ ಕಪ್ಪಾಗುತ್ತದೆ, ಇನ್ನೊಮ್ಮೆ ಇಟ್ಟರೆ ಅಳಿಸುತ್ತದೆ. ಅಣ್ಣ ಅದನ್ನು ಬಹಳ ಹೊತ್ತು ನೋಡುತ್ತ ಕೂತ. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ನಾನು ಮತ್ತೆ ಬರುವಷ್ಟರಲ್ಲಿ ಅವನು ಎರಡು ಕಂಬ ನಿಲ್ಲಿಸಿ ಮೇಲೊಂದು ತೊಲೆ ಹಾಕಿದ್ದ. ಅಭ್ಯಾಸವಿಲ್ಲದ ಎಡಗೈ ಬೆರಳು ಜಾರಿ ಬೇಡದ ಚೌಕ ಕಪ್ಪಾಗುವುದು, ಅದನ್ನು ಅಳಿಸಲು ಹೋಗಿ ಪಕ್ಕದ್ದು ಕಪ್ಪಾಗುವುದು. ಅತ್ತಿಗೆ ಹೇಳುವಂತೆ, ಊಟ ಬಿಟ್ಟು ಅದರಲ್ಲೇ ಮುಳುಗಿರುತ್ತಿದ್ದ. ಅಮ್ಮನಿಗೆ ಸಂತೋಷವೋ ಸಂತೋಷ. "ಗುಡಿ ಬಾಗ್ಲು ಬರೀತಾವ್ನೆ ಕಣೇ. ದೇವ್ರ ಮೇಲೆ ಮನಸ್ಸು ಬಂತು" ಎಂದಳು.

ನಾನು ಎದ್ದು ಬಾಗಿಲ ತನಕ ಹೋಗಿ ಅಲ್ಲಿಂದ ನೋಡಿದೆ. ಗುಡಿಯಾಗಿರಲಿಲ್ಲ. ತೊಲೆಯ ಮೇಲೆ ಪೆಟ್ಟಿಗೆಯ ಹಾಗೆ ಕೂತಿದ್ದು ಜಕಾರ್ಡು. ಅಣ್ಣ ಬಿಡಿಸಿದ್ದು ಮಗ್ಗವನ್ನು.

ಆದರೂ ನನಗೊಂದು ಆಸೆ ಇತ್ತು, ಮಗ್ಗದ ನೆನಪಾಗಿ ಸುಮ್ಮನೆ ಬಿಡಿಸಿರಬಹುದು ಎಂದು. ಚಿತ್ರದಲ್ಲಿ ಕಂಬಗಳ ನಡುವೆ ಏನೂ ಇರಲಿಲ್ಲ. ಮಗ್ಗದ ಉದ್ದಕ್ಕೂ ಬರುವ ಹಾಸಿನ ಎಳೆಗಳನ್ನು ಇನ್ನೂ ಹಾಕಿಲ್ಲ, ಕೈ ಸೋತಿದೆ ಎಂದುಕೊಂಡು, ಅವನ ಪಕ್ಕ ಕೂತು ಆ ಜಾಗದಲ್ಲಿ ಉದ್ದುದ್ದ ಗೆರೆ ಎಳೆದೆ. ಅಣ್ಣ ನನ್ನ ಕೈಯನ್ನು ಸರಿಸಿದ. ನಾನು ಹಾಕಿದ ಎಳೆಗಳನ್ನು ಒಂದೊಂದಾಗಿ, ಮೇಲಿನಿಂದ ಕೆಳಗಿನವರೆಗೆ, ಅಳಿಸಿದ. ಒಂದು ಚೌಕವೂ ಉಳಿಯದ ಹಾಗೆ ಅಳಿಸಿ, ನನ್ನ ಮುಖ ನೋಡಿದ.

ಎಳೆಯಿಲ್ಲದ ಮಗ್ಗವೆಂದರೆ ಓಡದ ಮಗ್ಗ. ಆಗ ನನಗೆ ಎಲ್ಲ ತಿಳಿಯಿತು. ಪಕ್ಕದ ಮನೆಯವರದು ಸಾದಾ ಮಗ್ಗ. ನಮ್ಮದು ಜಕಾರ್ಡಿನದು, ಟಕಟಕದ ಮೇಲೆ ಇನ್ನೊಂದು ಭಾರದ ಏಟು ಬೀಳುತ್ತಿತ್ತು. ನೇಕಾರರ ಮನೆಯಲ್ಲಿ ಹುಟ್ಟಿದ ನಮ್ಮ ಮೂವರು ಹೆಂಗಸರಿಗೂ ಅದು ಹೊಳೆದಿರಲಿಲ್ಲ. ಅಣ್ಣನಿಗೆ ಆಸ್ಪತ್ರೆಯಿಂದ ಬಂದು ಮಂಚದ ಮೇಲೆ ಮಲಗಿದ ದಿನವೇ ಗೊತ್ತಾಗಿರಬೇಕು. ಅಷ್ಟು ತಿಂಗಳು ಗೊತ್ತಿದ್ದೂ ಕೇಳಲಾರದೆ ಮಲಗಿದ್ದ. ನಾವು ಅವನ ಬಾಯಿಗೆ ಗಂಜಿ ಹಾಕುತ್ತ, "ಮಗ್ಗದ್ ಚಿಂತೆ ಬಿಡು, ಆಳು ನೋಡ್ಕೋತಾನೆ" ಎಂದು ನಗುನಗುತ್ತ ಹೇಳುತ್ತಿದ್ದೆವು.

ಚಿತ್ರವನ್ನು ಖಾಲಿ ಚೌಕಕ್ಕೆ ಕೂರಿಸಿದೆ. ಇನ್ನು ಅದಕ್ಕೊಂದು ಮಾತು ತುಂಬಬೇಕು. ಮೈಕು ಹಿಡಿದುಕೊಂಡು ನಾನು "ಮಗ್ಗ" ಎಂದೆ. ಅಣ್ಣ ಕೈ ಬೀಸಿದ. "ಮಗ್ಗ ನೋಡ್ಬೇಕು" ಎಂದೆ. ಮತ್ತೆ ಬೀಸಿದ. "ಮಗ್ಗ ಚೆನ್ನಾಗಿದ್ಯಾ?" ಎಂದು ಕೇಳಿದ್ದಕ್ಕೆ ಅವನು ಕಣ್ಣು ಮುಚ್ಚಿಕೊಂಡ. ನನಗೆ ಗೊತ್ತಿತ್ತು ಅವನಿಗೆ ಯಾವ ಮಾತು ಬೇಕೆಂದು. ಬಾಯಿಗೆ ಬರುತ್ತಿರಲಿಲ್ಲ, ಅಷ್ಟೆ. ಕೊನೆಗೆ "ಮಗ್ಗ ಮಾರಿದ್ರಾ?" ಎಂದೆ. ಅಣ್ಣನ ಕೈ ಅಲ್ಲಾಡಲಿಲ್ಲ. ಹೊದಿಕೆಯ ಮೇಲೆ ಹಾಗೇ ಇತ್ತು.

ಅಮ್ಮ ನಡುಮನೆಯಿಂದ ಓಡಿಬಂದಳು. "ಏನೇ ಕೇಳಿಸ್ತಿದೀಯ ಅದರಲ್ಲಿ? ತೆಗಿಯೇ ಅದನ್ನ!"

"ಅವನು ಕೇಳ್ತಿರೋದಮ್ಮ."

"ಅವನೆಲ್ಲಿ ಕೇಳ್ತಾನೆ, ಬಾಯಿಲ್ದವನು? ಅದು ನಿನ್ನ ಗಂಟಲು. ನೀನೇ ಅವನ ತಲೇಗೆ ತುಂಬ್ತಿದೀಯ."

ಅಣ್ಣ ಅಮ್ಮನನ್ನು ನೋಡುತ್ತ ಕೀ ಒತ್ತಿದ. "ಮಗ್ಗ ಮಾರಿದ್ರಾ?" ಎಂದು ನನ್ನ ದನಿ ಕೇಳಿತು. ಅಮ್ಮ ಅವನ ತಲೆ ಸವರಿ, "ಯಾರಾದ್ರೂ ಮಾರ್ತಾರಾ ಮಗಾ? ಓಡ್ತಾ ಇಲ್ವಾ, ಕೇಳಿಸ್ತಿಲ್ವಾ ನಿನಗೆ?" ಎಂದಳು. ಹೇಳುವಾಗ ಗೋಡೆಯ ಕಡೆ ಕೈ ತೋರಿಸಿದಳು, ಪಕ್ಕದ ಮನೆಯವರ ಗೋಡೆಯ ಕಡೆ. ಅಣ್ಣ ಅಮ್ಮನ ಕೈಯನ್ನು ತಲೆಯ ಮೇಲಿಂದ ಮೆಲ್ಲಗೆ ತೆಗೆದ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಅವರ ಕಡೆ ತಿರುಗಿ ಇನ್ನೊಮ್ಮೆ ಒತ್ತಿದ. ಅತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು.

ಮೂರನೆಯದಾಗಿ ನನ್ನ ಕಡೆ ತಿರುಗಿದ. ನನ್ನದೇ ದನಿ ನನ್ನನ್ನು ಕೇಳುವುದು ಎಂಥ ಹಿಂಸೆ ಎಂದು ಹೇಳಲಾರೆ. ಡಾಕ್ಟರು ಹೇಳಿದ್ದು ನೆನಪಿತ್ತು. ಅಮ್ಮ ನನ್ನ ರಟ್ಟೆ ಹಿಂಡುತ್ತಿದ್ದಳು. ಆದರೆ ಇಷ್ಟು ದಿನ ಕಷ್ಟಪಟ್ಟು ಅವನಿಗೆ ಮಾತು ಕೊಟ್ಟು, ಅವನು ಒಂದೇ ಒಂದು ಪ್ರಶ್ನೆ ಕೇಳಿದಾಗ ಸುಳ್ಳು ಹೇಳುವುದಾದರೆ, ಈ ಪೆಟ್ಟಿಗೆಯನ್ನು ಯಾಕೆ ಹೊತ್ತು ತಂದೆ ಎನಿಸಿತು.

"ಹೂಂ ಅಣ್ಣ, ಮಾರಿದ್ವಿ. ನೀನು ಆಸ್ಪತ್ರೇಲಿದ್ದಾಗ್ಲೇ. ಎಲ್ಲಾನೂ" ಎಂದೆ.

ಅವನ ಬಾಯಿ ತೆರೆಯಿತು. ಮೊದಲು ಗಾಳಿ ಮಾತ್ರ ಬಂತು. ಆಮೇಲೆ ಸದ್ದು ಬಂತು. ಲಕ್ವ ಹೊಡೆದ ದಿನದಿಂದ ಯಾವ ದನಿಗಾಗಿ ನಾವು ಕಾದು ಕೂತಿದ್ದೆವೋ, ಯಾವ ದನಿಗಾಗಿ ಅಮ್ಮ ಸಿಕ್ಕ ದೇವರಿಗೆಲ್ಲ ಕೈ ಮುಗಿದಿದ್ದಳೋ, ಅದು. ಅದರಲ್ಲಿ ಮಾತಿರಲಿಲ್ಲ. ಉದ್ದಕ್ಕೆ ಎಳೆದ ಒಂದೇ ಅಳು. ಉಸಿರು ಮುಗಿದಾಗ ನಿಲ್ಲುವುದು, ಮತ್ತೆ ಶುರುವಾಗುವುದು. ನನ್ನ ಅಣ್ಣ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ, ಅಪ್ಪ ಸತ್ತಾಗಲೂ ಅವನು ಬಾಯಿಬಿಟ್ಟು ಅತ್ತವನಲ್ಲ. ಅಮ್ಮ ಅವನ ಕಾಲು ಹಿಡಿದುಕೊಂಡು ತಾನೂ ಗೋಳಾಡಿದಳು. ಅತ್ತಿಗೆ ಓಡಿಬಂದು ಅವನ ಎದೆ ನೀವತೊಡಗಿದರು.

ಅಷ್ಟರಲ್ಲಿ ಮಂಚ ಅದುರುವುದು ನಿಂತಿತು. ಗೋಡೆಯಾಚೆಯ ಮಗ್ಗಗಳು ನಿಂತಿದ್ದವು, ಮೊದಲು ಒಂದು, ಹಿಂದೆಯೇ ಎಲ್ಲವೂ. ಪಕ್ಕದ ಮನೆಯವನು ಮೈಗೆ ಅಂಟಿದ್ದ ದಾರದ ಚೂರನ್ನೂ ಕೊಡವಿಕೊಳ್ಳದೆ ನಮ್ಮ ಬಾಗಿಲಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಳಗೆ ಬರಲಿಲ್ಲ. ಕತ್ತಲ ಕೋಣೆಯಲ್ಲಿ ಅವನಿಗೆ ನಾವು ಮೂವರು ಮಂಚದ ಮೇಲೆ ಬಗ್ಗಿದ್ದುದಷ್ಟೇ ಕಂಡಿರಬೇಕು.

"ಅಣ್ಣ ಹೋಗ್ಬಿಟ್ರಾ ಅಕ್ಕ?" ಎಂದು ಕೇಳಿದ.

ಅತ್ತಿಗೆ ತಲೆ ಎತ್ತಲಿಲ್ಲ. "ಇಲ್ಲಪ್ಪ, ಇದಾರೆ" ಎಂದರು.

ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋಗಿ ಮಗ್ಗ ಚಾಲೂ ಮಾಡಿದ.