ಒಂದೇ ತೋಳಿನ ರವಿಕೆ

ನಿನ್ನೆ ಬೀರುವಿನ ತಳದಲ್ಲಿ ಒಂದು ಹಸಿರು ರವಿಕೆ ಬಟ್ಟೆ ಸಿಕ್ಕಿತು. ಒಂದು ತೋಳು ಕತ್ತರಿಸಿದೆ, ಇನ್ನೊಂದಕ್ಕೆ ಬರೀ ಸೀಮೆಸುಣ್ಣದ ಗೆರೆ. ಮೂಗಿಗೆ ಹಿಡಿದೆ. ಆರು ವರ್ಷವಾದರೂ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಹೋಗಿಲ್ಲ... ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅದನ್ನು ಕತ್ತರಿಸಿದವರನ್ನು ತಮಿಳು ಗಡಿಯೊಳಗಿನ ಆಲಸನತ್ತಂನ ನಮ್ಮ ಬೀದಿಯಲ್ಲಿ ಎಲ್ಲರೂ ಟೈಲರ್ ಮಾವ ಅಂತಲೇ ಕರೆಯುತ್ತಿದ್ದೆವು. ನಮ್ಮ ಪಕ್ಕದ ಮನೆ, ಮುಂದಿನ ಕೋಣೆಯೇ ಅಂಗಡಿ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವರೇ ಅಲ್ಲ. ಹಬ್ಬ ಕಳೆದ ಮೇಲೆ ಹಬ್ಬದ ರವಿಕೆ ಕೈಗಿಟ್ಟು, "ಮುಂದಿನ್ ವರ್ಸಕ್ಕೆ ಈಗ್ಲೇ ರೆಡಿ ಆಯ್ತಲ್ಲಮ್ಮಿ" ಅಂತ ನಗುವವರು. ಮಾತಾಡುವಾಗಲೂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಗಾಳಿಯಲ್ಲೇ ಕತ್ತರಿ ಆಡಿಸುತ್ತಿದ್ದವು. ನಾವು ಅದನ್ನು ಅಣಕಿಸಿದರೆ ಅವರಿಗೂ ಖುಷಿ.

ಒಂದು ದಿನ ಬೇರಿಕೆಯಿಂದ ಬರುವಾಗ ಸ್ಕೂಟರ್ ಜಾರಿ ಬಿದ್ದು ತಲೆಗೆ ಪೆಟ್ಟಾಯಿತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು ಆಸ್ಪತ್ರೆಯಲ್ಲಿ. ಮಕ್ಕಳಿಲ್ಲದ ಮನೆ. ಅವರ ಹೆಂಡತಿ, ನಮ್ಮೆಲ್ಲರ ಅತ್ತೆ, "ನೀನು ಓದ್ದೋಳು, ಜೊತೆಗಿರಮ್ಮಿ" ಅಂತ ನನ್ನ ಕೈ ಹಿಡಿದುಕೊಂಡರು. ಮೂಕಂಡಪಲ್ಲಿಯ ಫ್ಯಾಕ್ಟರಿಗೆ ರಜೆ ಹಾಕಿ ಹೋದೆ. ಓದಿದವಳಂತೆ! ಆ ಮಾತು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಐಸಿಯುವಿನಲ್ಲಿ ನರ್ಸ್ ಮೊದಲ ದಿನವೇ ಹೇಳಿದ್ದಳು. ತಲೆಗೆ ಪೆಟ್ಟಾದವರಿಗೆ ಫಿಟ್ಸ್ ಬರಬಹುದು, ಬರದೇ ಇರಲಿ ಅಂತ ಔಷಧಿ ಕೊಡುತ್ತಿದ್ದೇವೆ, ನಿಮಗೇನಾದರೂ ಕಂಡರೆ ತಕ್ಷಣ ಹೇಳಿ ಅಂತ. ಫಿಟ್ಸ್ ಅಂದರೆ ನಮಗೆ ಗೊತ್ತಿದ್ದುದು ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ, ಕೈಗೆ ಕಬ್ಬಿಣ ಕೊಡುವುದು, ಅಷ್ಟೇ. ಅತ್ತೆ ಅಂಗಡಿಯ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಬರುತ್ತಿದ್ದರು. ಆ ದೊಡ್ಡ ಫಿಟ್ಸಿಗೆ ನಾವಿಬ್ಬರೂ ಕಾವಲಿದ್ದೆವು.

ಮೂರನೆಯ ದಿನ ಬೆಳಿಗ್ಗೆ ಒಳಗೆ ಬಿಟ್ಟ ಹತ್ತು ನಿಮಿಷದಲ್ಲಿ, ಹೊದಿಕೆಯ ಮೇಲಿದ್ದ ಮಾವನ ಬಲಗೈ ಹೆಬ್ಬೆರಳು ಆಡಿತು. ನಿಂತಿತು. ಮತ್ತೆ ಆಡಿತು, ಈ ಸಲ ತೋರುಬೆರಳೂ ಜೊತೆಗೂಡಿತು. ಕಣ್ಣು ಮುಚ್ಚಿಯೇ ಇತ್ತು.

"ನೋಡಮ್ಮಿ, ಕತ್ತರಿ ಆಡಿಸ್ತಾವ್ರೆ! ಗ್ಯಾನ ಬತ್ತಾ ಐತೆ!" ಅಂದರು ಅತ್ತೆ.

ನನಗೂ ಸಂತೋಷ ತಡೆಯಲಾಗಲಿಲ್ಲ. ನರ್ಸಿಗೆ ಹೇಳೋಣವೆಂದು ತಿರುಗಿದೆ. ಅತ್ತೆ ಕೈ ಜಗ್ಗಿದರು. "ಸುಮ್ಕಿರು. ಒಳ್ಳೇದಾಗೋ ಹೊತ್ನಾಗೆ ಬಾಯ್ಬಿಟ್ರೆ ದಿಷ್ಟಿ ಆಯ್ತದೆ."

ಸುಮ್ಮನಾದೆ. ಮಾವನ ಕಿವಿಯ ಹತ್ತಿರ ಬಾಗಿ, ನನ್ನ ಹಸಿರು ರವಿಕೆ ಯಾವಾಗ ಕೊಡ್ತೀರಾ ಅಂತ ಕೇಳಿ ಆಚೆ ಬಂದೆ...

ಸಂಜೆ ಹೋಗುವಷ್ಟರಲ್ಲಿ ಮುಖ, ತೋಳು, ಇಡೀ ಬಲಭಾಗ ಅದುರುತ್ತಿತ್ತಂತೆ. ನಮ್ಮನ್ನು ಒಳಗೆ ಬಿಡಲಿಲ್ಲ. ಡಾಕ್ಟರಮ್ಮ ನನ್ನೊಬ್ಬಳನ್ನೇ ಕರೆದು, ಇದಕ್ಕೆ ಮುಂಚೆ ಏನಾದರೂ ಕಂಡಿತ್ತಾ ಅಂತ ಕೇಳಿದರು. ಬೆಳಿಗ್ಗೆ ಬೆರಳು ಆಡಿತು ಅಂದೆ. ಅವರು ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡರು.

"ಅದುವುಂ ಫಿಟ್ಸ್ ದಾಮ್ಮಾ," ಅಂದರು ತಮಿಳಿನಲ್ಲಿ, ಮೆಲ್ಲಗೆ.

ಅದೂ ಫಿಟ್ಸೇ. ಔಷಧಿ ಕೊಡುತ್ತಿದ್ದರೂ ಕೆಲವರಿಗೆ ಹೀಗೆ ಬೆರಳ ತುದಿಯಲ್ಲಿ ಶುರುವಾಗುತ್ತದಂತೆ. ಬೆಳಿಗ್ಗೆಯೇ ಹೇಳಿದ್ದರೆ ನಿಲ್ಲಿಸಬಹುದಿತ್ತಾ ಅಂತ ಕೇಳಿದೆ. ನಿಲ್ಲಬಹುದಿತ್ತು, ನಿಲ್ಲದೆಯೂ ಇರಬಹುದಿತ್ತು, ಹೇಳಲಿಕ್ಕೆ ಆಗಲ್ಲ ಅಂದರು. ನಾಲ್ಕು ಮಾತು ಬೈದಿದ್ದರೂ ಚೆನ್ನಾಗಿತ್ತು.

ಆರನೆಯ ದಿನ ಮಾವ ಹೋದರು. ಕಾರ್ಯವೆಲ್ಲ ಮುಗಿದ ಮೇಲೆ ಅತ್ತೆ ಅಂಗಡಿಯಲ್ಲಿದ್ದ ಬಟ್ಟೆಗಳನ್ನು ಅವರವರ ಮನೆಗೆ ತಲುಪಿಸಿದರು. ನನ್ನದು ಹೀಗೆ, ಒಂದೇ ತೋಳು ಕತ್ತರಿಸಿದ್ದು. ಇನ್ನೊಂದನ್ನು ಬೇರೆ ಟೈಲರಿಗೆ ಕೊಡಲು ಮನಸ್ಸಾಗಲಿಲ್ಲ. ಡಾಕ್ಟರಮ್ಮ ಅಂದದ್ದನ್ನು ಅತ್ತೆಗೆ ಇವತ್ತಿನವರೆಗೂ ಹೇಳಿಲ್ಲ. ಹೇಗೆ ಹೇಳಲಿ? ಸುಮ್ಕಿರು ಅಂದವರು ಅವರು, ಸುಮ್ಮನಿದ್ದವಳು ನಾನು.

ನಿನ್ನೆ ಬಟ್ಟೆ ಹಿಡಿದು ಕೂತಿದ್ದಾಗಲೇ ಅತ್ತೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಕೈಯಲ್ಲಿದ್ದುದನ್ನು ಕಂಡು ಪಕ್ಕದಲ್ಲೇ ಕೂತರು. ಸೀಮೆಸುಣ್ಣದ ಗೆರೆಯ ಮೇಲೆ ಬೆರಳಾಡಿಸಿದರು.

"ಆಸ್ಪತ್ರೇಲಿ ಅವತ್ತು ಈ ತೋಳ್ನೇ ಕತ್ತರಿಸ್ತಿದ್ರು ಕಣಮ್ಮಿ. ನೀನೂ ನೋಡ್ದಲ್ಲ?"

"ಹೂಂ ಅತ್ತೆ," ಅಂದೆ. "ನೋಡ್ದೆ."