ಬೊಮ್ಮನ ಗಂಟಲಲ್ಲಿ ಕೂತವರು

ಆ ವರ್ಷ ಮುತ್ತಂಗ ಕಾಡಿನ ಹಾಡಿಯಲ್ಲಿ ಮೂರು ಸಾವಾದವು. ಮೂರಕ್ಕೂ ಕುಳಲ್ ಊದಲಿಲ್ಲ. ನಕ್ಸಲರು ಧಣಿಯ ಕಣಜ ಒಡೆದು ಭತ್ತ ಹಂಚಿದ ಮೇಲೆ, ಕುಳಲಿನ ದನಿ ಕಾಡಿನಲ್ಲಿ ಅಡಗಿದವರಿಗೆ ಸನ್ನೆಯಾದೀತೆಂದು ಪೊಲೀಸರು ಅದನ್ನೇ ಕಿತ್ತುಕೊಂಡು ಹೋಗಿದ್ದರು. ಹದಿನೈದನೇ ವಯಸ್ಸಿನಿಂದ ಸಾವಿನ ಮನೆಗಳಲ್ಲಿ ಆ ಪುಟ್ಟ ವಾಲಗ ಊದುತ್ತಿದ್ದ ಬೊಮ್ಮನ್ ಬರಿಗೈಯಲ್ಲಿ ಕೂತ.

ಗೊರಕೆ ಶುರುವಾದದ್ದು ಆಮೇಲೆ. ಗೊರಕೆ ನಿಂತಾಗಲೆಲ್ಲ ಹೆಂಡತಿ ಕಾಳಿಗೆ ಜೀವ ಬಾಯಿಗೆ ಬರುತ್ತಿತ್ತು. ಅವನ ಬಾಯಿ ತೆರೆದೇ ಇರುತ್ತಿತ್ತು, ಎದೆ ಏಳುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ, ಮುಳುಗಿದವನು ಮೇಲೆದ್ದಂತೆ, ಗೊರ್ರೆಂದು ಉಸಿರೆಳೆಯುತ್ತಿದ್ದ. ಕಣ್ಣು ಆಗಲೂ ಮುಚ್ಚಿಯೇ ಇರುತ್ತಿತ್ತು.

“ಕುಳಲ್ ಕೇಳದೆ ಹೋದವರು ಅವನ ಗಂಟ್ಲಲ್ಲಿ ಕೂತಿದಾರೆ,” ಎಂದಳು ನೆರೆಯ ವೆಳ್ಳಚ್ಚಿ. “ತಮ್ಮ ಪಾಲಿನ ಶ್ವಾಸ ತಕ್ಕೊಂತಾರೆ.”

ಕಾಳಿ ನಂಬಿದಳು.

ಭತ್ತ ಹಂಚಿದ ದಿನ ಬೊಮ್ಮನ್ ಒಂದು ಮೂಟೆ ಹೊತ್ತಿದ್ದನೆಂದು ಯಾರೋ ಪೊಲೀಸರಿಗೆ ಹೇಳಿಬಿಟ್ಟರು. ಅಂದಿನಿಂದ ಅವನು ಹಗಲೆಲ್ಲ ಬಿದಿರುಮೆಳೆಯೊಳಗೆ ಅಡಗಿ ಮಲಗುತ್ತಿದ್ದ. ಒಂದು ಮಧ್ಯಾಹ್ನ ಕಾಳಿ ಗಂಜಿ ತಂದಾಗ ಗೊರಕೆ ಹಳ್ಳದಾಚೆಗೂ ಕೇಳುತ್ತಿತ್ತು. ಎಬ್ಬಿಸಲು ಬಗ್ಗಿದಳು. ಅಷ್ಟರಲ್ಲಿ ಒಣಗಿದ ಬಿದಿರೆಲೆಯ ಮೇಲೆ ಬೂಟಿನ ಸದ್ದು.

ಅದೇ ಗಳಿಗೆಗೆ ಗೊರಕೆ ನಿಂತಿತು.

“ಇಲ್ಲೇ ಏನೋ ಕೇಳ್ತಿತ್ತು,” ಎಂದ ಒಬ್ಬ ಪೊಲೀಸ, ಮಲಯಾಳದಲ್ಲಿ.

“ಹಂದಿಯಿರಬೇಕು,” ಎಂದ ಇನ್ನೊಬ್ಬ.

ಇಬ್ಬರೂ ಕಿವಿಗೊಟ್ಟು ನಿಂತರು. ಹತ್ತು ಹೆಜ್ಜೆ ದೂರ, ಅಷ್ಟೆ. ಅಲುಗಿಸಿದರೆ ಉಸಿರು ಸದ್ದು ಮಾಡಿಕೊಂಡೇ ಬರುತ್ತದೆ. ಸುಮ್ಮನಿದ್ದರೆ ಬಾರದೆಯೂ ಹೋಗಬಹುದು. ಬೊಮ್ಮನ ತುಟಿ ಕಪ್ಪಿಟ್ಟಿತು. ತೆರೆದ ಬಾಯಲ್ಲಿ ನಾಲಗೆ, ಒಳಗಿನಿಂದ ಯಾರೋ ಎಳೆದು ಹಿಡಿದಂತೆ, ಹಿಂದಕ್ಕೆ ಸರಿದಿತ್ತು. ಕಾಳಿ ಮನಸ್ಸಿನಲ್ಲೇ ಸತ್ತ ಮೂವರ ಹೆಸರು ಕರೆದಳು. ಬಿಟ್ಟುಬಿಡಿ ಎಂದು ಬೇಡಲೋ, ಇನ್ನೊಂದು ಗಳಿಗೆ ಹಿಡಿದಿರಿ ಎಂದು ಬೇಡಲೋ, ಅವಳಿಗೇ ತಿಳಿಯಲಿಲ್ಲ.

ಬೂಟುಗಳು ಹಳ್ಳದತ್ತ ಇಳಿದವು. ಅವಳು ಎರಡೂ ಕೈಯಿಂದ ಗಂಡನನ್ನು ಮಗ್ಗುಲಿಗೆ ಹೊರಳಿಸಿದಳು. ಗಾಳಿ ಒಳನುಗ್ಗಿತು.

ಅವನಿಗೆ ಕುಳಲ್ ಕಲಿಸಿದ ಮುದುಕ ಕರಿಯನ್ ಎಲ್ಲ ಕೇಳಿಸಿಕೊಂಡ. “ಸತ್ತವರ ಕೆಲಸವೋ ಏನೋ, ನಂಗೊತ್ತಿಲ್ಲ ಮಗಳೇ. ಆದ್ರೆ ಇವಂದು ಊದಿ ಊದಿ ಗಟ್ಟಿಯಾದ ಬಾಯಿ. ಸುಮ್ನೆ ಬಿಟ್ರೆ ನಾಲಗೆ ಸೋಲ್ತದೆ, ಮಲಗಿದ್ರೆ ಹಿಂದಕ್ಕೆ ಬೀಳ್ತದೆ.” ತೂತಿಲ್ಲದ ಒಂದು ಬಿದಿರು ತುಂಡು ಕತ್ತರಿಸಿ ಬೊಮ್ಮನಿಗೆ ಕೊಟ್ಟ. “ದಿನಾ ಊದು. ಶಬ್ದ ಬರಲ್ಲ, ಪೇಡಿ ಬೇಡ, ಹೆದರ್ಬೇಡ. ಕೆನ್ನೆ ಉಬ್ಬಿಸು, ನಾಲಗೆನ ಅಂಗುಳಕ್ಕೆ ಒತ್ತು. ಅಂಗಾತ ಮಾತ್ರ ಮಲಗ್ಬೇಡ.”

ಬೊಮ್ಮನ್ ಮೂರು ತಿಂಗಳು ಶಬ್ದವಿಲ್ಲದೆ ಊದಿದ. ಅವನ ಕೆನ್ನೆ ಉಬ್ಬಿ ಇಳಿಯುವುದನ್ನು ಕಂಡು ಸತ್ತವರ ಮನೆಯವರು ಒಬ್ಬೊಬ್ಬರಾಗಿ ಬಂದು ಎದುರು ಕೂತರು. ಏನೂ ಕೇಳಿಸದಿದ್ದರೂ ಅತ್ತರು. ಕೆಲವರು, ಕೇಳಿಸಿತು ಎಂದರು.

ಮಳೆ ಹಿಡಿಯುವ ಹೊತ್ತಿಗೆ ಗೊರಕೆ ಇಳಿಯಿತು, ಉಸಿರು ಕಟ್ಟುವುದೂ ತಪ್ಪಿತು. ಪೊಲೀಸರು ಬರುವುದು ಕಡಿಮೆಯಾಗಿ ಬೊಮ್ಮನ್ ಗುಡಿಸಲಿಗೆ ಮರಳಿದ. ನಕ್ಸಲರು ಕೊಡಿಸುತ್ತೇವೆಂದಿದ್ದ ಭೂಮಿಯೇನೂ ಸಿಗಲಿಲ್ಲ, ಅದೇ ಧಣಿಯ ಗದ್ದೆಗೆ ಕೂಲಿಗೆ ಹೋದ.

ಒಮ್ಮೆ ಕಾಳಿ ಕೇಳಿದಳು: “ಆ ಮಧ್ಯಾಹ್ನ ನಿಂಗೇನಾದ್ರೂ ಗೊತ್ತಾಯ್ತಾ?”

“ಬಾಯಿ ಮೇಲೆ ಕೈಯಿಟ್ಟು, ಸುಮ್ನಿರು ಅಂದ್ಯಲ್ಲ. ನೀನೇ ಅಲ್ವಾ?”

ಕಾಳಿ ಅವನ ಬಾಯಿ ಮುಟ್ಟಿರಲೇ ಇಲ್ಲ.

“ಹೂಂ, ನಾನೇ,” ಎಂದು ಒಲೆಗೆ ಕಟ್ಟಿಗೆ ದೂಡಿದಳು.